ಬುರುಡೆಯೊಳಗಿನ ಬಾವು

ಕಾಲು ಉಳುಕಿದರೆ ಆ ಜಾಗ ಕೆಂಪಾಗುತ್ತದೆ, ಬಾತುಕೊಳ್ಳುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕೂ ಉರಿಯೂತದ ಲಕ್ಷಣಗಳೆಂದು ಸುಮಾರು 2000 ವರ್ಷಗಳ ಹಿಂದೆಯೇ ರೋಮಿನ ಸೆಲ್ಸಸ್ ಬರೆದಿಟ್ಟ. ಕಾಲು ಬಾತರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ತಲೆಬುರುಡೆ ಹಿಗ್ಗುವುದಿಲ್ಲ. ಪೆಟ್ಟು ತಿಂದ ಮೆದುಳು ಬಾತರೆ ಒಳಗಿನ ಒತ್ತಡ ಏರಿ ಅದರ ರಕ್ತಸಂಚಾರಕ್ಕೇ ಸಂಚಕಾರ. ಅಪಘಾತವಾದಾಗ ಮಾತನಾಡುತ್ತಿದ್ದವರೂ ಆಮೇಲೆ ಪ್ರಜ್ಞೆ ಕಳೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಒಳಗಿನ ಈ ಉರಿಯೂತದ ಸುಳಿವನ್ನು ರಕ್ತದಲ್ಲಿ ಹುಡುಕಬಹುದೆಂದು ತಿಳಿದದ್ದು ತೀರ ಈಚೆಗೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವೈದ್ಯರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತುವನ್ನು ಗುರುತಿಸಿದರು. ಕಾಯಿಲೆ ವಾಸಿಯಾದಂತೆ ಅದು ಮಾಯವಾಗುತ್ತಿತ್ತು. ನಮ್ಮ ಲ್ಯಾಬ್ ಚೀಟಿಗಳಲ್ಲಿ ಈಗ ಕಾಣುವ ಸಿ.ಆರ್.ಪಿ. ಅದೇ. ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ವಸ್ತುವಿನ ಸಂದೇಶ ಸಿಕ್ಕಾಗ ಯಕೃತ್ತು ಇದನ್ನು ತಯಾರಿಸುತ್ತದೆ. ತಲೆಗೆ ತೀವ್ರ ಪೆಟ್ಟಾದಾಗ ಎರಡೂ ಏರುತ್ತವೆ. ಹೆಚ್ಚು ಏರಿದವರ ಗತಿ ಹೆಚ್ಚು ಕೆಟ್ಟದ್ದೆಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ತೊಡೆಯ ಮೂಳೆ ಮುರಿದರೂ ಸಿ.ಆರ್.ಪಿ. ಏರುತ್ತದೆ. ಅದೊಂದನ್ನೇ ನಂಬಿ ರೋಗಿಯ ಭವಿಷ್ಯ ಹೇಳಲಾಗದು.

ಹಾಗಾದರೆ ಉರಿಯೂತವನ್ನೇ ತಗ್ಗಿಸಿದರಾಯಿತಲ್ಲ? ವೈದ್ಯರೂ ಹಾಗೆಯೇ ಯೋಚಿಸಿದರು. 1961ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಗ್ಯಾಲಿಸಿಚ್ ಮತ್ತು ಫ್ರೆಂಚ್, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಮೆದುಳಿನ ಗೆಡ್ಡೆಯ ಸುತ್ತಲ ಬಾವನ್ನು ಇಳಿಸಿ ತೋರಿಸಿದ್ದರು. ಗೆಡ್ಡೆಯ ರೋಗಿಗಳಿಗೆ ಅದು ಇಂದಿಗೂ ವರವೇ. ಗೆಡ್ಡೆಯ ಬಾವಿಗೆ ಆಗಿಬಂದದ್ದು ಪೆಟ್ಟಿನ ಬಾವಿಗೂ ಆಗಬೇಕೆಂಬ ತರ್ಕದಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಹಲವು ದೇಶಗಳಲ್ಲಿ ತಲೆಗೆ ಪೆಟ್ಟಾದವರಿಗೆ ಸ್ಟೀರಾಯ್ಡ್ ಕೊಡಲಾಯಿತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ನಡೆದ ಪ್ರಯೋಗಗಳೆಲ್ಲ ತೀರ ಸಣ್ಣವು.

ಕೊನೆಗೆ 1999ರಲ್ಲಿ ಲಂಡನ್ನಿನ ತಜ್ಞರ ಮುಂದಾಳುತನದಲ್ಲಿ 'ಕ್ರ್ಯಾಶ್' ಎಂಬ ಭಾರೀ ಪ್ರಯೋಗ ಆರಂಭವಾಯಿತು. 49 ದೇಶಗಳ 239 ಆಸ್ಪತ್ರೆಗಳು ಅದರಲ್ಲಿ ಸೇರಿದ್ದವು. ಅರ್ಧದಷ್ಟು ರೋಗಿಗಳಿಗೆ 48 ಗಂಟೆ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಔಷಧವಿಲ್ಲದ ಹುಸಿ ದ್ರಾವಣ. ಗುರಿ 20,000 ರೋಗಿಗಳು. ಆದರೆ 2004ರ ಮೇ ತಿಂಗಳಲ್ಲಿ, 10,008 ರೋಗಿಗಳಾಗುವ ಹೊತ್ತಿಗೇ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಎರಡು ವಾರದೊಳಗೆ ಸ್ಟೀರಾಯ್ಡ್ ಪಡೆದವರಲ್ಲಿ 1052 ಮಂದಿ ಸತ್ತಿದ್ದರು, ಪಡೆಯದವರಲ್ಲಿ 893. ಅಂದರೆ ನೂರಕ್ಕೆ ಮೂವರು ಹೆಚ್ಚು. ಆರು ತಿಂಗಳ ನಂತರವೂ ಆ ಅಂತರ ಹಾಗೆಯೇ ಉಳಿಯಿತು.

ಸಂಬಂಧಿಕರು ಗಾಜಿನ ಬಾಗಿಲ ಹೊರಗೆ ಕೈಮುಗಿದು ನಿಂತಿದ್ದಾಗ ಒಳಗೆ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ ಔಷಧವಿದು. ತರ್ಕ ತಪ್ಪಿದ್ದೆಲ್ಲಿ? ಗೆಡ್ಡೆಯ ಸುತ್ತ ಮುಖ್ಯವಾಗಿ ರಕ್ತನಾಳ ಸೋರಿ ಬಾವು ಬರುತ್ತದೆ. ಪೆಟ್ಟಾದಾಗ ಜೀವಕೋಶಗಳೇ ನೀರು ತುಂಬಿಕೊಂಡು ಊದಿಕೊಳ್ಳುವುದೂ ಉಂಟು. ಸಾಲದ್ದಕ್ಕೆ ಉರಿಯೂತದ್ದು ಬರೀ ಹಾಳು ಮಾಡುವ ಕೆಲಸವಲ್ಲ. ಸತ್ತ ಕೋಶಗಳನ್ನು ಗುಡಿಸಿ ಹಾಕುವುದು, ಸೋಂಕನ್ನು ತಡೆಯುವುದು ಸಹ ಅದರ ಪಾಲಿನ ದುಡಿಮೆಯೇ. ತಲೆಗೆ ತೀವ್ರ ಪೆಟ್ಟಾದವರಿಗೆ ಈ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಡಕೂಡದೆಂದು ಈಗ ಚಿಕಿತ್ಸಾ ಸೂಚಿಗಳೇ ಸ್ಪಷ್ಟವಾಗಿ ಹೇಳುತ್ತವೆ.