ಎಂಟು ಬಿಟ್ಟೋ ಹತ್ತು ಬಿಟ್ಟೋ: ವಿಡಿಯೋ ಪಟ್ಟೆಗಳ ಹಿಂದಿನ ಕಥೆ

ಹಳೇ ಮದುವೆ ಸಿಡಿಯನ್ನು ಮೊಬೈಲಿಗೆ ಕನ್ವರ್ಟ್ ಮಾಡಿಸಿದವರು ಗಮನಿಸಿರುತ್ತೀರಿ. ಸಂಜೆಯ ಆಕಾಶ ನುಣುಪಾಗಿರುವುದಿಲ್ಲ, ಮೆಟ್ಟಿಲಿನ ಹಾಗೆ ಪಟ್ಟೆ ಪಟ್ಟೆ. ಇದರ ಒಂದು ಬೇರು 1982ರಲ್ಲಿದೆ.

ಟಿವಿ ಚಿತ್ರವನ್ನು ಅಂಕಿಗಳಲ್ಲಿ ಬರೆಯಲು ಆ ವರ್ಷ ಸಿಸಿಐಆರ್ 601 ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಪ್ರತಿ ಚುಕ್ಕಿಯ ಬೆಳಕಿಗೆ ಎಂಟು ಬಿಟ್, ಅಂದರೆ 256 ಮೆಟ್ಟಿಲು. ಕಪ್ಪು 16ರಲ್ಲಿ, ಬಿಳುಪು 235ರಲ್ಲಿ ನಿಂತಿದ್ದರಿಂದ ಬಳಕೆಗೆ ಸಿಕ್ಕಿದ್ದು 220 ಮಾತ್ರ. ಆ ಕಾಲದ ಡಬ್ಬಾ ಟಿವಿಗೆ ಅಷ್ಟು ಧಾರಾಳವಾಯಿತು. 1993ರ ಡಿಜಿಟಲ್ ಬೀಟಾಕ್ಯಾಮ್ ಟೇಪಿನಲ್ಲಿ ಹತ್ತು ಬಿಟ್, 1024 ಮೆಟ್ಟಿಲು ಇದ್ದವು. ಆದರೆ ಅದು ಚಾನೆಲ್‌ನವರ ಸೊತ್ತು. ನಮ್ಮ ಮನೆಗೆ ಬಂದ ವಿಸಿಡಿ, ಡಿವಿಡಿ ಎಲ್ಲ ಎಂಟರಲ್ಲೇ ಉಳಿದವು.

2003ರಲ್ಲಿ ಎಚ್.264 ಬಂತು, ಎರಡು ವರ್ಷದೊಳಗೆ ಅದಕ್ಕೂ ಹತ್ತು ಬಿಟ್ ಸೇರಿತು. ಅದನ್ನು ಉತ್ಸಾಹದಿಂದ ಹಿಡಿದವರು ಜಪಾನಿ ಕಾರ್ಟೂನುಗಳ ಅಭಿಮಾನಿಗಳು. ಕಾರ್ಟೂನಿನ ಬಯಲು ಬಣ್ಣದಲ್ಲಿ ಪಟ್ಟೆ ಬೇಗ ಕಣ್ಣಿಗೆ ಹೊಡೆಯುತ್ತದೆ. 2011ರ ಹೊತ್ತಿಗೆ ಎಕ್ಸ್264 ಎಂಬ ಉಚಿತ ತಂತ್ರಾಂಶದಲ್ಲಿ ಅವರು ಒಂದು ಸೋಜಿಗ ಕಂಡಿದ್ದರು: ಮೂಲ ಎಂಟು ಬಿಟ್ಟಿನದೇ ಆದರೂ ಹತ್ತರಲ್ಲಿ ಕನ್ವರ್ಟ್ ಮಾಡಿದರೆ ಪಟ್ಟೆ ಕಡಿಮೆ, ಫೈಲೂ ಊದಿಕೊಳ್ಳುವುದಿಲ್ಲ. ಅಂಗಡಿ ಲೆಕ್ಕದಲ್ಲಿ ಪ್ರತಿ ಸಾಲಿಗೂ ಪೈಸೆ ಬಿಟ್ಟರೆ ಕೊನೆಯ ಮೊತ್ತ ತಪ್ಪುತ್ತದಲ್ಲ? ಹತ್ತು ಬಿಟ್ ಪೈಸೆಯನ್ನೂ ಹಿಡಿದು ಲೆಕ್ಕ ಹಾಕುತ್ತದೆ.

ತೊಡಕು ಬೇರೆ ಕಡೆ ಇತ್ತು. ಮೊಬೈಲ್ ಚಿಪ್‌ಗಳು ಆ ಫೈಲನ್ನು ಒಪ್ಪಲಿಲ್ಲ. ಎಚ್.264ರ ಹತ್ತು ಬಿಟ್ ಈಗಲೂ ಬಹಳಷ್ಟು ಫೋನುಗಳಲ್ಲಿ ತಡವರಿಸುತ್ತದೆ, ಬ್ಯಾಟರಿ ತಿನ್ನುತ್ತದೆ. 2013ರ ಎಚ್.265 ಮಾತ್ರ ಮೊದಲ ಆವೃತ್ತಿಯಲ್ಲೇ ಹತ್ತನ್ನು ಸೇರಿಸಿಕೊಂಡು ಬಂತು. ಆಮೇಲೆ ಎಚ್‌ಡಿಆರ್ ಟಿವಿಗಳು ಬಂದವು, ಚಿಪ್ ಮಾಡುವವರೂ ದಾರಿಗೆ ಬಂದರು. ಎಷ್ಟು ಬಿಟ್ ಬೇಕೆಂದು ಕಣ್ಣು ಕೇಳಿದ್ದಲ್ಲ, ಚಿಪ್ ಹೇಳಿದ್ದೇ ನಡೆದಿದೆ.

ನಿಮ್ಮ ಮನೆಯಲ್ಲಿ ಬಯಲಾಟದ್ದೋ, ತೀರಿಹೋದ ಅಜ್ಜಿಯ ಸೋಬಾನೆಯದ್ದೋ ಟೇಪು ಇದ್ದರೆ ಇದು ಬರೀ ಕಥೆಯಲ್ಲ. ಟೇಪು ಬೂಸ್ಟು ಹಿಡಿಯುತ್ತದೆ, ಮತ್ತೆ ಶೂಟಿಂಗ್ ಮಾಡಲಾಗದು. ಸ್ಟುಡಿಯೋದವರಿಗೆ ಎರಡು ಪ್ರತಿ ಕೇಳಿ: ಇಟ್ಟುಕೊಳ್ಳಲು ಎಚ್.265 ಹತ್ತು ಬಿಟ್, ಹಂಚಲು ಎಚ್.264 ಎಂಟು ಬಿಟ್. ಕಳೆದುಹೋದ ಬಣ್ಣ ಹತ್ತು ಬಿಟ್ಟಿನಿಂದ ವಾಪಸ್ ಬರುವುದಿಲ್ಲ, ಇರುವುದು ಇನ್ನಷ್ಟು ಕೆಡದಂತೆ ತಡೆಯುತ್ತದೆ ಅಷ್ಟೆ. ಆದ್ದರಿಂದ ಟೇಪಿನಿಂದ ಮೊದಲು ಇಳಿಸಿದ ಫೈಲನ್ನು ಅಳಿಸಲು ಬಿಡಬೇಡಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಇನ್ನೊಮ್ಮೆ ಹಿಂಡುತ್ತದೆ.