ಪಬ್ಲಿಕ್ ಡೊಮೇನ್ ಚಿತ್ರಗಳು ಮತ್ತು ದೇಶವಾರು ಕೃತಿಸ್ವಾಮ್ಯ

ಕೃತಿಸ್ವಾಮ್ಯದ ಅವಧಿ ಮುಗಿದಿರುವ ಅಥವಾ ಕಾನೂನಿನ ಪ್ರಕಾರ ಕೃತಿಸ್ವಾಮ್ಯವೇ ಅನ್ವಯಿಸದ ಛಾಯಾಚಿತ್ರ, ವರ್ಣಚಿತ್ರ, ರೇಖಾಚಿತ್ರ ಮೊದಲಾದವುಗಳನ್ನು ಪಬ್ಲಿಕ್ ಡೊಮೇನ್ ಚಿತ್ರಗಳು ಎನ್ನುತ್ತಾರೆ. ಇವುಗಳನ್ನು ಯಾರ ಅನುಮತಿಯೂ ಇಲ್ಲದೆ ನಕಲಿಸಬಹುದು, ಮುದ್ರಿಸಬಹುದು, ಮಾರ್ಪಡಿಸಬಹುದು. ಆದರೆ ಕೃತಿಸ್ವಾಮ್ಯವು ಆಯಾ ದೇಶದ ಕಾನೂನಿನಿಂದ ಹುಟ್ಟುವ ಹಕ್ಕು. ಆದ್ದರಿಂದ ಒಂದೇ ಚಿತ್ರವು ಒಂದು ದೇಶದಲ್ಲಿ ಮುಕ್ತವಾಗಿದ್ದು ಇನ್ನೊಂದರಲ್ಲಿ ರಕ್ಷಿತವಾಗಿರುವುದು ಸಾಧ್ಯ. 1886ರ ಬರ್ನ್ ಒಪ್ಪಂದವು ಅವಧಿಯ ಕನಿಷ್ಠ ಮಿತಿಯನ್ನು ಮಾತ್ರ ಗೊತ್ತುಪಡಿಸಿದೆ. ಅದಕ್ಕಿಂತ ಹೆಚ್ಚಿನ ಅವಧಿ ನೀಡಲು ಸದಸ್ಯ ದೇಶಗಳು ಸ್ವತಂತ್ರವಾಗಿವೆ.

ಅವಧಿ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾಕೃತಿಗಳಿಗೆ ಕಲಾವಿದರ ಜೀವಿತಾವಧಿ ಹಾಗೂ ಮರಣಾನಂತರದ 60 ವರ್ಷಗಳ ರಕ್ಷಣೆಯಿದೆ. ಮರಣದ ಮುಂದಿನ ವರ್ಷದ ಜನವರಿ 1ರಿಂದ ಈ 60 ವರ್ಷಗಳನ್ನು ಎಣಿಸಲಾಗುತ್ತದೆ. ಮೊದಲು ಇದು 50 ವರ್ಷವಾಗಿತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತಿದ್ದ ಸಂದರ್ಭದಲ್ಲಿ ಅದನ್ನು ವಿಸ್ತರಿಸಲಾಯಿತು. ಛಾಯಾಚಿತ್ರಗಳ ಅವಧಿಯನ್ನು ಹಿಂದೆ ಪ್ರಕಟಣೆಯ ವರ್ಷದಿಂದ ಎಣಿಸುತ್ತಿದ್ದರು. 2012ರ ತಿದ್ದುಪಡಿಯ ನಂತರ ಅವುಗಳಿಗೂ ಛಾಯಾಗ್ರಾಹಕರ ಮರಣಾನಂತರದ 60 ವರ್ಷಗಳ ನಿಯಮವೇ ಅನ್ವಯಿಸುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಮರಣಾನಂತರದ ಅವಧಿ 70 ವರ್ಷ, ಮೆಕ್ಸಿಕೋದಲ್ಲಿ 100 ವರ್ಷ.

ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿ ಹಳೆಯ ಪ್ರಕಟಿತ ಕೃತಿಗಳಿಗೆ ಗರಿಷ್ಠ ಅವಧಿ ಪ್ರಕಟಣೆಯಿಂದ 95 ವರ್ಷ. 1996ರ ಜನವರಿ 1ರಂದು ತಾಯ್ನಾಡಿನಲ್ಲಿ ಇನ್ನೂ ರಕ್ಷಣೆಯಲ್ಲಿದ್ದ ಬಹುತೇಕ ವಿದೇಶಿ ಕೃತಿಗಳಿಗೆ ಆ ದೇಶವು ಕೃತಿಸ್ವಾಮ್ಯವನ್ನು ಮರಳಿ ನೀಡಿತು.

ಉದಾಹರಣೆ: ಕೆ. ವೆಂಕಟಪ್ಪ

ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು ನಿಧನರಾದದ್ದು 1965ರಲ್ಲಿ. ಭಾರತದಲ್ಲಿ ಅವರ ಕೃತಿಗಳ ಅವಧಿ 2025ರ ಅಂತ್ಯಕ್ಕೆ ಮುಗಿದು, 2026ರ ಜನವರಿ 1ರಿಂದ ಅವು ಪಬ್ಲಿಕ್ ಡೊಮೇನ್‌ಗೆ ಸೇರಿದವು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪೌರಾಣಿಕ ಕಥೆಗಳ ಇಂಗ್ಲಿಷ್ ಸಂಕಲನಕ್ಕೆ ಅವರು ರಚಿಸಿದ ಚಿತ್ರಗಳು 1913ರಲ್ಲೇ ಪ್ರಕಟವಾದ್ದರಿಂದ ಅಮೆರಿಕದಲ್ಲಿಯೂ ಮುಕ್ತವಾಗಿವೆ. ಆದರೆ ಅವರದೇ ಒಂದು ಚಿತ್ರ 1940ರಲ್ಲಿ ಮೊದಲು ಪ್ರಕಟವಾಗಿದ್ದರೆ, ಅದು ಅಲ್ಲಿ 2035ರ ಅಂತ್ಯದವರೆಗೆ ರಕ್ಷಿತ. ಎಂದೂ ಪ್ರಕಟವಾಗದ ಚಿತ್ರಕ್ಕೆ ಅಲ್ಲಿ ಮರಣಾನಂತರದ 70 ವರ್ಷಗಳು ಅನ್ವಯಿಸುವುದರಿಂದ, ಕಾಕತಾಳೀಯವಾಗಿ ಅದರ ಅವಧಿಯೂ ಅದೇ ವರ್ಷ ಮುಗಿಯುತ್ತದೆ. ಹೀಗಾಗಿ ಬೆಂಗಳೂರಿನ ಪ್ರಕಾಶಕರೊಬ್ಬರು ಇಂದು ನಿರಾತಂಕವಾಗಿ ಅಚ್ಚುಹಾಕಬಹುದಾದ ಚಿತ್ರವನ್ನು ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಲಾಗದಿರಬಹುದು. ಚಿತ್ರವು ಮೂಲ ದೇಶ ಮತ್ತು ಅಮೆರಿಕ ಎರಡರಲ್ಲಿಯೂ ಮುಕ್ತವಾಗಿರಬೇಕೆಂಬುದು ಆ ಭಂಡಾರದ ನಿಯಮ.

ಸಾಮಾನ್ಯ ತಪ್ಪು ಗ್ರಹಿಕೆಗಳು

ಚಿತ್ರದಲ್ಲಿರುವ ವ್ಯಕ್ತಿ ನಿಧನರಾಗಿ ಎಷ್ಟು ವರ್ಷವಾಯಿತೆಂಬುದು ಇಲ್ಲಿ ಮುಖ್ಯವಲ್ಲ. ಹಕ್ಕು ಸಾಮಾನ್ಯವಾಗಿ ಛಾಯಾಗ್ರಾಹಕರದು. ಹಣ ಕೊಟ್ಟು ತೆಗೆಸಿದ ಚಿತ್ರವಾದರೆ, ಬೇರೆ ಕರಾರಿಲ್ಲದಿದ್ದಲ್ಲಿ, ಭಾರತದಲ್ಲಿ ತೆಗೆಸಿದವರದು. ಅವಧಿಯನ್ನು ಮಾತ್ರ ಛಾಯಾಗ್ರಾಹಕರ ಮರಣದಿಂದಲೇ ಎಣಿಸಬೇಕು. ಅಮೆರಿಕದ ಕೇಂದ್ರ ಸರ್ಕಾರದ ಕೃತಿಗಳಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ನಾಸಾದ ಚಿತ್ರಗಳು ಹೆಚ್ಚಾಗಿ ಮುಕ್ತವಾಗಿರುವುದು ಇದರಿಂದ. ಭಾರತ ಸರ್ಕಾರದ ಕೃತಿಗಳಿಗಾದರೋ ಪ್ರಕಟಣೆಯಿಂದ 60 ವರ್ಷಗಳ ರಕ್ಷಣೆಯಿದೆ. ನಾಸಾದಂತೆಯೇ ಇಸ್ರೋ ಚಿತ್ರಗಳೂ ಎಂದು ಭಾವಿಸುವುದು ಸರಿಯಲ್ಲ.

ಹಳೆಯ ವರ್ಣಚಿತ್ರವನ್ನು ಇದ್ದಂತೆಯೇ ಸೆರೆಹಿಡಿದ ಛಾಯಾಚಿತ್ರಕ್ಕೆ ಹೊಸ ಹಕ್ಕು ಹುಟ್ಟುವುದಿಲ್ಲವೆಂದು 1999ರ ಬ್ರಿಜ್‌ಮನ್ ಪ್ರಕರಣದಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪಿತ್ತಿತು. 2019ರ ಯುರೋಪಿಯನ್ ನಿರ್ದೇಶನದ ನಿಲುವೂ ಅದೇ. ಶಿಲ್ಪದ ಛಾಯಾಚಿತ್ರಕ್ಕೆ ಇದು ಅನ್ವಯಿಸದು. ಅಲ್ಲಿ ಕೋನ, ಬೆಳಕುಗಳ ಆಯ್ಕೆ ಛಾಯಾಗ್ರಾಹಕರದು.

ಆಕರಗಳು

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಲ್ಲಿ, ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿ ತಮ್ಮ ಸಂಗ್ರಹದ ಲಕ್ಷಾಂತರ ಚಿತ್ರಗಳನ್ನು ನಿರ್ಬಂಧವಿಲ್ಲದೆ ಬಿಡುಗಡೆ ಮಾಡಿದವು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಮತ್ತು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ಉಪಯುಕ್ತ ಆಕರಗಳು. ಲೈಬ್ರರಿಯ ಸಂಗ್ರಹದಲ್ಲಿ ರಕ್ಷಿತ ಚಿತ್ರಗಳೂ ಇರುವುದರಿಂದ ಪ್ರತಿ ಚಿತ್ರದ ಹಕ್ಕುಗಳ ವಿವರವನ್ನು ಪ್ರತ್ಯೇಕವಾಗಿ ಓದಬೇಕಾಗುತ್ತದೆ. ಗೂಗಲ್ ಹುಡುಕಾಟದಲ್ಲಿ ದೊರೆತ ಚಿತ್ರಕ್ಕೆ ಗೂಗಲ್ ಅನ್ನೇ ಮೂಲವೆಂದು ನಮೂದಿಸುವ ರೂಢಿಯಿದೆ. ಕರ್ತೃ, ಪ್ರಕಟಣೆಯ ವರ್ಷ ಮತ್ತು ಮೂಲ ದೇಶ ತಿಳಿಯದೆ ಚಿತ್ರದ ಸ್ಥಿತಿಯನ್ನು ನಿರ್ಧರಿಸಲಾಗದು.