ಹಳೆಯ ಮೊಬೈಲ್‌ಗಳಿಗೆ ಆ್ಯಪ್ ಬೆಂಬಲ ನಿಂತಾಗ: ರೈತರು ಮಾಡಬೇಕಾದುದು, ಕೈಪಿಡಿಗಳಲ್ಲಿ ತಿದ್ದಬೇಕಾದುದು

ಪೀಠಿಕೆ

ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ ಹೋಬಳಿಯು ಬಂಡೀಪುರ ಅರಣ್ಯದ ಅಂಚಿಗೆ ಹೊಂದಿಕೊಂಡಿದೆ. ಇಲ್ಲಿನ ರೈತರು ಮಳೆಯನ್ನು ನಂಬಿ ಸೂರ್ಯಕಾಂತಿ, ಹತ್ತಿ, ಜೋಳ, ಹುರುಳಿಯನ್ನೂ, ಕೊಳವೆ ಬಾವಿಯ ನೀರಿನಲ್ಲಿ ಅರಿಶಿನ, ಬಾಳೆ, ಸಣ್ಣ ಈರುಳ್ಳಿಯನ್ನೂ ಬೆಳೆಯುತ್ತಾರೆ. ಬೆಳೆ ಸಮೀಕ್ಷೆ, ಹವಾಮಾನ ಸಲಹೆ, ಪಿಎಂ ಕಿಸಾನ್ ಇ-ಕೆವೈಸಿ ಮೊದಲಾದ ಅನೇಕ ಕೆಲಸಗಳು ಈಗ ಮೊಬೈಲ್ ಆ್ಯಪ್ ಮೂಲಕ ನಡೆಯುತ್ತಿವೆ. ಆದರೆ ಮನೆಯಲ್ಲಿ ಎಂಟು, ಹತ್ತು ವರ್ಷಗಳಿಂದ ಬಳಕೆಯಲ್ಲಿರುವ ಮೊಬೈಲ್‌ಗಳಲ್ಲಿ ಇಂತಹ ಆ್ಯಪ್‌ಗಳು ಒಂದೊಂದಾಗಿ ನಿಲ್ಲುತ್ತವೆ. ಆ್ಯಪ್ ಬದಲಾದರೂ ನಾವು ಹಂಚಿದ ಕೈಪಿಡಿ, ಕರಪತ್ರಗಳು ಬದಲಾಗುವುದಿಲ್ಲ. ಇದರ ನಷ್ಟ ರೈತನಿಗೆ ತಟ್ಟುತ್ತದೆ. ಈ ಲೇಖನದ ಮೊದಲ ಭಾಗವು ರೈತರಿಗೂ ಎರಡನೆಯ ಭಾಗವು ವಿಸ್ತರಣಾ ಕಾರ್ಯಕರ್ತರಿಗೂ ಸಂಬಂಧಿಸಿದೆ.

ಬೆಂಬಲ ನಿಲ್ಲುವುದು ಎಂದರೇನು?

ಮೊಬೈಲ್ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣೆ ವ್ಯವಸ್ಥೆ ಎನ್ನುತ್ತಾರೆ. ನಮ್ಮ ರೈತರ ಬಹುತೇಕ ಮೊಬೈಲ್‌ಗಳಲ್ಲಿ ಇರುವುದು ಆಂಡ್ರಾಯ್ಡ್. ಅದರ ಆವೃತ್ತಿಗಳನ್ನು 4.4, 5.0, 9, 13 ಹೀಗೆ ಸಂಖ್ಯೆಯಿಂದ ಗುರುತಿಸುತ್ತಾರೆ. ತಯಾರಕರು ಹಳೆಯ ಆವೃತ್ತಿಗೆ ಸುರಕ್ಷತಾ ಪರಿಷ್ಕರಣೆ ನೀಡುವುದನ್ನು ನಿಲ್ಲಿಸಿದ ಮೇಲೆ ಆ್ಯಪ್ ರೂಪಿಸುವವರೂ ಅದನ್ನು ಕೈಬಿಡುತ್ತಾರೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.4 ಆವೃತ್ತಿಗೆ ಪ್ಲೇ ಸೇವೆಗಳ ಪರಿಷ್ಕರಣೆಯನ್ನು ನಿಲ್ಲಿಸುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು. ವಾಟ್ಸ್‌ಆ್ಯಪ್ ಕೂಡ ಈಗ 5.0ಕ್ಕಿಂತ ಕೆಳಗಿನ ಆಂಡ್ರಾಯ್ಡ್‌ನಲ್ಲಿ ನಡೆಯುವುದಿಲ್ಲ.

ಕಚೇರಿಯ ಕಂಪ್ಯೂಟರ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. 2023ರ ಫೆಬ್ರುವರಿಯಿಂದ ಕ್ರೋಮ್‌ನ ಹೊಸ ಆವೃತ್ತಿಗಳು ವಿಂಡೋಸ್ 7ರಲ್ಲಿ ದೊರೆಯುತ್ತಿಲ್ಲ.

ರೈತನಿಗೆ ಆಗುವ ನಷ್ಟ

ಕರ್ನಾಟಕದಲ್ಲಿ ರೈತರೇ ತಮ್ಮ ಬೆಳೆಯ ವಿವರವನ್ನು ಆ್ಯಪ್ ಮೂಲಕ ದಾಖಲಿಸುವ ವ್ಯವಸ್ಥೆಯು 2020ರ ಮುಂಗಾರಿನಲ್ಲಿ ಆರಂಭವಾಯಿತು. ಈ ವಿವರವು ಪಹಣಿಯಲ್ಲಿ ಸೇರುತ್ತದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ ಹಾಗೂ ಬೆಳೆ ಹಾನಿ ಪರಿಹಾರಕ್ಕೆ ಇದೇ ಆಧಾರ. ಮುಂಗಾರು ಪೂರ್ವದ ಮಳೆಗೆ ಬಿತ್ತಿದ ಸೂರ್ಯಕಾಂತಿಯ ಕಟಾವು ಮುಗಿದ ಮೇಲೆ ಛಾಯಾಚಿತ್ರ ತೆಗೆಯಲು ಹೊಲದಲ್ಲಿ ಬೆಳೆಯೇ ಇರುವುದಿಲ್ಲ. ಆದ್ದರಿಂದ ಆ್ಯಪ್ ತೆರೆಯದೆ ಕಳೆದುಹೋದ ಹದಿನೈದು ದಿನಗಳು ಮತ್ತೆ ಸಿಗುವುದಿಲ್ಲ.

ಆ್ಯಪ್ ತೆರೆಯದಿರುವುದಕ್ಕಿಂತ ಅರ್ಧ ನಡೆಯುವುದು ಹೆಚ್ಚು ಅಪಾಯಕಾರಿ. ಹಳೆಯ ಮೊಬೈಲ್‌ನಲ್ಲಿ ಆ್ಯಪ್ ತೆರೆದುಕೊಳ್ಳಬಹುದು, ಛಾಯಾಚಿತ್ರವನ್ನೂ ತೆಗೆಯಬಹುದು, ಆದರೆ ವಿವರವು ಸರ್ವರ್‌ಗೆ ತಲುಪದೇ ಇರಬಹುದು. ಕೆಲಸ ಮುಗಿಯಿತೆಂದು ರೈತರು ನೆಮ್ಮದಿಯಿಂದ ಇರುತ್ತಾರೆ. ಪರಿಹಾರದ ಪಟ್ಟಿ ಬಂದಾಗಲಷ್ಟೇ ದೋಷವು ಗೊತ್ತಾಗುತ್ತದೆ.

ಭಾಗ 1: ರೈತರು ಅನುಸರಿಸಬೇಕಾದ ಕ್ರಮಗಳು

1. ಆವೃತ್ತಿಯನ್ನು ತಿಳಿಯಿರಿ. ಮೊಬೈಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಫೋನ್ ಕುರಿತು’ ಎಂಬಲ್ಲಿ ಆಂಡ್ರಾಯ್ಡ್ ಆವೃತ್ತಿಯ ಸಂಖ್ಯೆ ಇರುತ್ತದೆ. ಅದನ್ನು ಎಫ್‌ಐಡಿ ಬರೆದಿಟ್ಟಿರುವ ಚೀಟಿಯಲ್ಲಿಯೇ ಬರೆದುಕೊಳ್ಳಿ.

2. ಆ್ಯಪ್‌ನ ಅಗತ್ಯವನ್ನು ನೋಡಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ಪುಟ ತೆರೆದು ‘ಈ ಆ್ಯಪ್ ಕುರಿತು’ ಎಂಬುದನ್ನು ಒತ್ತಿದರೆ, ಕೊನೆಯಲ್ಲಿ ಯಾವ ಆಂಡ್ರಾಯ್ಡ್ ಅಥವಾ ಮೇಲ್ಪಟ್ಟದ್ದು ಬೇಕೆಂದು ತೋರಿಸುತ್ತದೆ. ನಿಮ್ಮ ಸಂಖ್ಯೆಯು ಅದಕ್ಕಿಂತ ಕಡಿಮೆ ಇದ್ದರೆ ಆ್ಯಪ್ ಇಳಿಯುವುದಿಲ್ಲ.

3. ಬೇರೆ ಕಾರಣಗಳನ್ನು ಪರಿಶೀಲಿಸಿ. ಎಲ್ಲ ತೊಂದರೆಗೂ ಹಳೆಯ ಆವೃತ್ತಿಯೇ ಕಾರಣವಲ್ಲ. ಮೊಬೈಲ್‌ನಲ್ಲಿ ಜಾಗ ತುಂಬಿದ್ದರೂ ಆ್ಯಪ್ ಇಳಿಯುವುದಿಲ್ಲ. ಬೇಡದ ವಿಡಿಯೊಗಳನ್ನು ಅಳಿಸಿ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅಪ್‌ಡೇಟ್ ಲಭ್ಯವಿದ್ದರೆ ಮಾಡಿಸಿ. ಇಷ್ಟು ಮಾಡದೆ ಹೊಸ ಮೊಬೈಲ್ ಕೊಳ್ಳಲು ಹೋಗಬೇಡಿ.

4. ಇನ್ನೊಬ್ಬರ ಮೊಬೈಲ್ ಬಳಸುವುದಾದರೆ, ಒಟಿಪಿ ಬರುವುದು ನಮೂದಿಸಿದ ಸಂಖ್ಯೆಯ ಸಿಮ್‌ಗೆ ಎಂಬುದನ್ನು ನೆನಪಿಡಿ. ಆ ಸಿಮ್ ಸಾದಾ ಕೀಪ್ಯಾಡ್ ಫೋನ್‌ನಲ್ಲಿದ್ದರೂ ಸಾಕು. ಮಗನ ಅಥವಾ ನೆರೆಯವರ ಹೊಸ ಮೊಬೈಲ್‌ನಲ್ಲಿ ಆ್ಯಪ್ ತೆರೆದು, ನಿಮ್ಮ ಫೋನ್‌ಗೆ ಬಂದ ಒಟಿಪಿಯನ್ನು ನೀವೇ ನಮೂದಿಸಬಹುದು. ಕರೆ ಮಾಡಿ ಒಟಿಪಿ ಕೇಳುವ ಅಪರಿಚಿತರಿಗೆ ಅದನ್ನು ಹೇಳಲೇಬಾರದು.

5. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಕಡತವನ್ನು ತೆರೆಯಬೇಡಿ. ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಸಿಗದಿದ್ದಾಗ ಇಂತಹ ಕಡತಕ್ಕೆ ಮನಸ್ಸು ಸೋಲುತ್ತದೆ. ಪಿಎಂ ಕಿಸಾನ್ ಹೆಸರಿನಲ್ಲಿಯೇ ನಕಲಿ ಎಪಿಕೆಗಳು ಹರಿದಾಡಿವೆ. ಇವು ಬ್ಯಾಂಕ್ ಸಂದೇಶಗಳನ್ನು ಕದ್ದು ಖಾತೆಯ ಹಣವನ್ನು ದೋಚುತ್ತವೆ.

6. ದಾಖಲಾದುದನ್ನು ಖಚಿತಪಡಿಸಿಕೊಳ್ಳಿ. ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಬೆಳೆಯ ವಿವರವನ್ನು ನೋಡಬಹುದು, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಸೂರ್ಯಕಾಂತಿಯ ಜೊತೆ ಅಂತರ ಬೆಳೆಯಿದ್ದರೆ ಎರಡೂ ದಾಖಲಾಗಿವೆಯೇ ಎಂದು ನೋಡಿ. ಸ್ವತಃ ದಾಖಲಿಸಲು ಆಗದಿದ್ದವರು ಸಮೀಕ್ಷೆಗೆ ಬರುವ ಖಾಸಗಿ ನಿವಾಸಿಯನ್ನು ಕಟಾವಿಗೆ ಮೊದಲೇ ಹೊಲಕ್ಕೆ ಕರೆಸಿಕೊಳ್ಳಿ.

7. ಆ್ಯಪ್ ಇಲ್ಲದೆಯೂ ಸಲಹೆ ದೊರೆಯುತ್ತದೆ. 2019ರಲ್ಲಿ ಆರಂಭವಾದ ‘ಮೇಘದೂತ್’ ಆ್ಯಪ್ ಮಂಗಳವಾರ ಮತ್ತು ಶುಕ್ರವಾರ ಹವಾಮಾನ ಆಧಾರಿತ ಕೃಷಿ ಸಲಹೆಯನ್ನು ನೀಡುತ್ತದೆ. ಅದು ನಡೆಯದ ಮೊಬೈಲ್‌ನಿಂದ ವರುಣಮಿತ್ರ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಮಳೆಯ ಮುನ್ಸೂಚನೆ ಪಡೆಯಬಹುದು. ಬೆಳೆ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551 ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಲಭ್ಯವಿದ್ದು, ಕರೆಗೆ ಶುಲ್ಕವಿಲ್ಲ.

ಭಾಗ 2: ವಿಸ್ತರಣಾ ಕಾರ್ಯಕರ್ತರು ಕೈಪಿಡಿಯನ್ನು ಪರಿಷ್ಕರಿಸುವ ವಿಧಾನ

ಬೇಸಾಯ ಪದ್ಧತಿಗಳ ಕೈಪಿಡಿಯನ್ನು ತಿದ್ದಿದ ಅನುಭವ ನಮಗೆ ಈಗಾಗಲೇ ಇದೆ. ಕೇಂದ್ರ ಸರ್ಕಾರವು 2018ರ ಆಗಸ್ಟ್‌ನಲ್ಲಿ 18 ಕೀಟನಾಶಕಗಳ ನಿಷೇಧದ ಆದೇಶ ಹೊರಡಿಸಿತು. ಅವುಗಳಲ್ಲಿ ಫೋರೇಟ್, ಡೈಕ್ಲೋರ್ವಾಸ್, ಟ್ರೈಅಜೋಫಾಸ್ ಸೇರಿ ಆರಕ್ಕೆ 2020ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು. ಬಾಳೆ ಮೊದಲಾದ ಬೆಳೆಗಳಿಗೆ ಫೋರೇಟ್ ಹರಳನ್ನು ಸೂಚಿಸುವ ಹಳೆಯ ಕರಪತ್ರವು ರೈತನ ಮನೆಯ ಗೋಡೆಯ ಮೇಲೆ ಉಳಿದಿದ್ದರೆ, ನಿಷೇಧವು ಆ ಮನೆಗೆ ತಲುಪಿಲ್ಲವೆಂದೇ ಅರ್ಥ. ಔಷಧದ ಹೆಸರನ್ನು ಹೊಡೆದುಹಾಕಿದರೆ ಸಾಲದು. ಅದರ ಬದಲು ಏನು ಮಾಡಬೇಕೆಂದು ಬರೆಯಬೇಕು, ಹಳೆಯ ಪ್ರತಿಯನ್ನು ಹಿಂಪಡೆಯಬೇಕು. ಆ್ಯಪ್ ಕೈಪಿಡಿಗೂ ಇದೇ ನಿಯಮ.

1. ಪಟ್ಟಿ ಮಾಡಿ. ರೈತ ಸಂಪರ್ಕ ಕೇಂದ್ರದ ಗೋಡೆಯಲ್ಲಿ, ಗ್ರಾಮ ಪಂಚಾಯಿತಿಯ ಫಲಕದಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುವ ಎಲ್ಲ ಸೂಚನೆಗಳನ್ನು ಒಂದೆಡೆ ಬರೆದುಕೊಳ್ಳಿ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಗೊಂದಲವು ಇಮ್ಮಡಿಯಾಗುತ್ತದೆ. ಬೆಳೆ ಸಮೀಕ್ಷೆಗೆ ಪ್ರತಿ ಹಂಗಾಮಿನಲ್ಲಿ ಹೊಸ ಆ್ಯಪ್ ಬರುವುದರಿಂದ ಈ ಪಟ್ಟಿಯನ್ನು ಹಂಗಾಮಿಗೊಮ್ಮೆ ನೋಡಬೇಕು.

2. ಮೊದಲ ಸಾಲಿನಲ್ಲಿಯೇ ಅಗತ್ಯವನ್ನು ತಿಳಿಸಿ. ಯಾವ ಹಂಗಾಮು, ಯಾವ ಆ್ಯಪ್, ಯಾವ ಆಂಡ್ರಾಯ್ಡ್ ಆವೃತ್ತಿ, ಪರಿಷ್ಕರಿಸಿದ ದಿನಾಂಕ, ಈ ನಾಲ್ಕೂ ಮೇಲ್ಭಾಗದಲ್ಲಿರಲಿ. ಏಳನೆಯ ಹಂತಕ್ಕೆ ಬಂದ ಮೇಲೆ ತನ್ನ ಮೊಬೈಲ್‌ನಲ್ಲಿ ಇದು ಆಗದೆಂದು ರೈತನಿಗೆ ತಿಳಿಯಬಾರದು.

3. ನಡೆಯದ ಹಂತಗಳನ್ನು ತೆಗೆದುಹಾಕಿ. ಹಳೆಯ ಪರದೆಯ ಚಿತ್ರಗಳನ್ನು ‘ಇರಲಿ’ ಎಂದು ಉಳಿಸಿದರೆ, ಓದುವವರು ಇಲ್ಲದ ಗುಂಡಿಯನ್ನು ಹುಡುಕುತ್ತ ಕುಳಿತುಕೊಳ್ಳುತ್ತಾರೆ.

4. ಬದಲಿ ದಾರಿಯನ್ನು ಬರೆಯಿರಿ. ಪಿಎಂ ಕಿಸಾನ್ ಇ-ಕೆವೈಸಿಗೆ ಮೂರು ದಾರಿಗಳಿವೆ: ಒಟಿಪಿ, ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು, ಹಾಗೂ 2023ರಲ್ಲಿ ಬಂದ ಮುಖ ಗುರುತಿಸುವಿಕೆ. ಮೂರನೆಯದಕ್ಕೆ ಆಧಾರ್‌ನ ಇನ್ನೊಂದು ಆ್ಯಪ್ ಕೂಡ ಬೇಕು. ಕರಪತ್ರದಲ್ಲಿ ಅದೊಂದನ್ನೇ ಬರೆದರೆ ಹಳೆಯ ಮೊಬೈಲ್ ಇರುವವರು ತಮಗೆ ದಾರಿಯೇ ಇಲ್ಲವೆಂದುಕೊಳ್ಳುತ್ತಾರೆ.

5. ಅಕ್ಷರಗಳ ಪರಿವರ್ತನೆಯನ್ನು ಎಚ್ಚರದಿಂದ ಮಾಡಿ. ಹಳೆಯ ಕಂಪ್ಯೂಟರ್‌ನಲ್ಲಿ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಮೊಬೈಲ್‌ಗೆ ನಕಲಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಹಾಗೂ ಮುಖ್ಯವಾಗಿ ಅಂಕಿಗಳನ್ನು ಮೂಲ ಪ್ರತಿಯೊಡನೆ ಹೋಲಿಸಿ. 0.5 ಮಿ.ಲೀ. ಎಂಬುದರಲ್ಲಿ ಚುಕ್ಕಿ ಬಿಟ್ಟುಹೋದರೆ ಸಿಂಪಡಣೆಯ ಪ್ರಮಾಣವು ಹತ್ತು ಪಟ್ಟಾಗುತ್ತದೆ.

6. ಕ್ಷೇತ್ರದಲ್ಲಿ ಪರೀಕ್ಷಿಸಿ. ತಿದ್ದಿದ ಪ್ರತಿಯನ್ನು ಹಳೆಯ ಮೊಬೈಲ್ ಇರುವ ಒಬ್ಬ ರೈತರಿಗೂ ಹೊಸ ಮೊಬೈಲ್ ಇರುವ ಒಬ್ಬರಿಗೂ ಕೊಟ್ಟು, ನೀವು ಮಾತನಾಡದೆ ಪಕ್ಕದಲ್ಲಿ ನಿಂತು ನೋಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೋ ಅಲ್ಲಿ ನಿಮ್ಮ ವಾಕ್ಯವನ್ನು ತಿದ್ದಬೇಕು. ಕಾಡಂಚಿನಲ್ಲಿ ನೆಟ್‌ವರ್ಕ್ ದುರ್ಬಲವಾಗಿರುವ ಜಾಗದಲ್ಲಿಯೂ ಒಮ್ಮೆ ಪರೀಕ್ಷಿಸಿ.

ಮಾದರಿ

ಹಳೆಯ ಸೂಚನೆ: ‘ಪ್ಲೇ ಸ್ಟೋರ್‌ನಿಂದ ಬೆಳೆ ಸಮೀಕ್ಷೆ ಆ್ಯಪ್ ಇಳಿಸಿಕೊಂಡು ಮಾಹಿತಿ ತುಂಬಿರಿ.’

ಪರಿಷ್ಕೃತ ಸೂಚನೆ: ‘ಮೊದಲು ನಿಮ್ಮ ಮೊಬೈಲ್‌ನ ಆಂಡ್ರಾಯ್ಡ್ ಆವೃತ್ತಿಯನ್ನು ನೋಡಿ. ಮೇಲೆ ಬರೆದಿರುವ ಸಂಖ್ಯೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಹಂಗಾಮಿನ ಆ್ಯಪ್ ಇಳಿಸಿಕೊಳ್ಳಿ. ಕಡಿಮೆ ಇದ್ದರೆ ಮನೆಯವರ ಮೊಬೈಲ್ ಬಳಸಿ, ಇಲ್ಲವೇ ಕಟಾವಿಗೆ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ದಾಖಲಿಸಿದ ಮೇಲೆ ಬೆಳೆ ದರ್ಶಕದಲ್ಲಿ ಪರಿಶೀಲಿಸಿ.’

ಸಾರಾಂಶ

ಹಳೆಯ ಮೊಬೈಲ್‌ಗೆ ಬೆಂಬಲ ನಿಲ್ಲುವುದನ್ನು ನಾವು ತಡೆಯಲಾರೆವು. ಆದರೆ ಆ ಮೊಬೈಲ್ ಹಿಡಿದ ರೈತನಿಗೆ ಸೌಲಭ್ಯ ತಪ್ಪುವುದನ್ನು ತಡೆಯಬಹುದು. ರೈತ ಬಾಂಧವರು ಹಂಗಾಮು ಆರಂಭವಾಗುವ ಮೊದಲೇ ತಮ್ಮ ಮೊಬೈಲ್ ಪರೀಕ್ಷಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಬಿತ್ತನೆಗೆ ಮುಂಚೆಯೇ ಪರಿಷ್ಕೃತ ಸೂಚನೆಯನ್ನು ಅಂಟಿಸಿ, ಹಳೆಯದನ್ನು ಕಿತ್ತು ತೆಗೆಯಬೇಕು. ಹೆಚ್ಚಿನ ನೆರವಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನಾಗಲಿ ಚಾಮರಾಜನಗರದ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.